ಪುಟ್ಟಿಯ ಹುಟ್ಟುಹಬ್ಬಕ್ಕೆ ಅಮ್ಮನೂ ಸ್ಪೈಡರ್‌ಮ್ಯಾನ್ ನೋಡಿದಳು

5 ಜೂನ್ 2023
ಬೆಂಗಳೂರು

ಪ್ರೀತಿಯ ಗೆಳೆಯ,

ನಿನ್ನೆ ಪುಟ್ಟಿಗೆ 8 ವರ್ಷ ತುಂಬಿತು. ನೀನು ಕಳಿಸಿದ ವಾಯ್ಸ್ ಮೆಸೇಜನ್ನು ಎಷ್ಟು ಸಲ ಕೇಳಿದಳೋ ಲೆಕ್ಕವಿಲ್ಲ. ಎಣ್ಣೆಸ್ನಾನ, ಆರತಿ, ಶಾವಿಗೆ ಪಾಯಸ ಎಲ್ಲ ಆಯಿತು. ಆಮೇಲೆ ಎಲ್ಲರೂ ಸ್ಪೈಡರ್‌ಮ್ಯಾನ್ ನೋಡೋಕೆ ಹೋದೆವು. ಅಮ್ಮನೂ ಬಂದಳು. ಕನ್ನಡದಲ್ಲಿ ನೋಡಿದೆವು ಕಣೋ!

2002ರಲ್ಲಿ ಮೊದಲ ಸ್ಪೈಡರ್‌ಮ್ಯಾನ್ ಬಂದಿದ್ದು ನೆನಪಿದೆಯಾ? ನಾವಿಬ್ಬರೂ ಆಗ ಆರನೇ ಕ್ಲಾಸು. ಇಂಗ್ಲಿಷ್ ಬಿಟ್ಟರೆ ಹಿಂದಿ, ತಮಿಳು, ತೆಲುಗಿನಲ್ಲಿ ಬಂದಿತ್ತು. ಕನ್ನಡಕ್ಕೆ ಡಬ್ ಮಾಡುವ ಮಾತೇ ಆಗ ಇರಲಿಲ್ಲ. "ಏನಂದ ಅವನು?" ಅಂತ ನಾನು ನಿನ್ನ ತೋಳು ಜಗ್ಗುತ್ತಿದ್ದೆ. ನೀನು ಕಿವಿಯಲ್ಲಿ ಕಥೆ ಹೇಳುತ್ತಿದ್ದೆ. ಅರ್ಧ ನೀನೇ ಕಟ್ಟಿದ್ದು ಅಂತ ಆಮೇಲೆ ಗೊತ್ತಾಯಿತು. ಇವತ್ತಿಗೂ ನನಗೆ ನಿನ್ನ ಕಥೆಯೇ ಇಷ್ಟ.

ಈಗ ಬಂದಿರುವುದು 'ಅಕ್ರಾಸ್ ದಿ ಸ್ಪೈಡರ್‌ವರ್ಸ್', ಅನಿಮೇಷನ್ ಸಿನಿಮಾ. ನಮ್ಮ ದೇಶದಲ್ಲಿ 10 ಭಾಷೆಗಳಲ್ಲಿ ಬಿಡುಗಡೆಯಾಗಿದೆ. ನಮ್ಮ ಮನೆ ಹತ್ತಿರ ಕನ್ನಡದ್ದು ಒಂದೇ ಶೋ ಇತ್ತು. ಅಮ್ಮ ಎಂದಿನಂತೆ "ನನಗೇನು ತಿಳಿಯುತ್ತೆ, ನೀವು ಹೋಗಿಬನ್ನಿ" ಅಂದಳು. ಪುಟ್ಟಿ ಬಿಡಲಿಲ್ಲ. "ಅಜ್ಜಿ, ಅವನು ಕನ್ನಡ ಮಾತಾಡ್ತಾನೆ" ಅಂದಳು. ಅಷ್ಟಕ್ಕೇ ಅಮ್ಮ ಸೀರೆ ಬದಲಾಯಿಸಿದಳು.

ಇದರಲ್ಲಿ ಬೇರೆ ಬೇರೆ ಲೋಕಗಳಿವೆ, ಒಂದೊಂದರಲ್ಲೂ ಒಬ್ಬೊಬ್ಬ ಸ್ಪೈಡರ್‌ಮ್ಯಾನ್. ನಮ್ಮ ದೇಶದವನೂ ಒಬ್ಬನಿದ್ದಾನೆ, ಪವಿತ್ರ್ ಪ್ರಭಾಕರ್. ನಾವು ಆಗ ನೋಡಿದ ಸ್ಪೈಡರ್‌ಮ್ಯಾನ್ ಪೀಟರ್ ಪಾರ್ಕರ್ ಇದ್ದನಲ್ಲ, ಅವನ ಹೆಸರನ್ನೇ ಹಾಗೆ ಮಾಡಿದ್ದಾರೆ. ಅವನ ಊರು ಮುಂಬ್ಯಾಟನ್. ಮುಂಬೈಗೆ ಮ್ಯಾನ್‌ಹಟನ್ ಸೇರಿಸಿದ ಹಾಗೆ. ಕಾಲಿಗೆ ಪಂಚೆ, ಕೈಯಲ್ಲಿ ಕಡಗ. ಆ ಕಡಗ ಬೀಸಿಯೇ ಕಟ್ಟಡದಿಂದ ಕಟ್ಟಡಕ್ಕೆ ಹಾರುತ್ತಾನೆ. ಪುಟ್ಟಿ ಸೀಟಿನ ಮೇಲೆ ಎದ್ದು ನಿಂತುಬಿಟ್ಟಳು. ಬಣ್ಣವಂತೂ ನೋಡುತ್ತಲೇ ಇರಬೇಕು ಅನ್ನಿಸುತ್ತೆ. ಒಂದೊಂದು ಲೋಕಕ್ಕೂ ಬೇರೆ ಬೇರೆ ಚಿತ್ರ ಬರೆದಿದ್ದಾರೆ.

ಆದರೆ ನಾನು ಜಾಸ್ತಿ ನೋಡಿದ್ದು ಅಮ್ಮನ ಮುಖವನ್ನೇ.

ಕಥೆಯ ಹುಡುಗ ಮೈಲ್ಸ್, ಅವನೂ ಒಬ್ಬ ಸ್ಪೈಡರ್‌ಮ್ಯಾನ್. ಅಪ್ಪ ಪೊಲೀಸ್. ಬಡ್ತಿ ಸಿಕ್ಕಿ ಕ್ಯಾಪ್ಟನ್ ಆಗುವುದರಲ್ಲಿದ್ದಾನೆ. ಉಳಿದ ಸ್ಪೈಡರ್‌ಮ್ಯಾನ್‌ಗಳೆಲ್ಲ ಸೇರಿ, ನಿನ್ನ ಅಪ್ಪ ಸಾಯಲೇಬೇಕು, ನೀನು ತಡೆದರೆ ನಿನ್ನ ಲೋಕವೇ ಕುಸಿಯುತ್ತೆ ಅನ್ನುತ್ತಾರೆ. ಹುಡುಗ ಒಪ್ಪುವುದಿಲ್ಲ. ಎಲ್ಲರಿಂದ ತಪ್ಪಿಸಿಕೊಂಡು ಮನೆಗೆ ಓಡುತ್ತಾನೆ. ಆಗ ಅಮ್ಮ ಕತ್ತಲಲ್ಲಿ ನನ್ನ ಕೈ ಹಿಡಿದಳು. "ಅಪ್ಪನ್ನ ಉಳಿಸ್ಕೋಬೇಡ ಅಂತ ಯಾರಾದ್ರೂ ಹೇಳ್ತಾರೇನೋ? ಓಡ್ಲಿ ಬಿಡು" ಅಂದಳು.

2021ರ ಮೇ ತಿಂಗಳು ನಿನಗೆ ಗೊತ್ತಲ್ಲ. ಅಪ್ಪನಿಗೆ ಬೆಡ್ ಹುಡುಕಿಕೊಂಡು ರಾತ್ರಿಯೆಲ್ಲ ಓಡಿದ್ದೆ. ನೀನು ಅಲ್ಲಿಂದಲೇ ಯಾರ್ಯಾರಿಗೋ ಫೋನ್ ಮಾಡುತ್ತಿದ್ದೆ. ಆ ರಾತ್ರಿಯ ಬಗ್ಗೆ ಅಮ್ಮ ಇದುವರೆಗೆ ಒಂದು ಮಾತೂ ಆಡಿರಲಿಲ್ಲ. ನಿನ್ನೆಯೂ ಅಷ್ಟೇ ಹೇಳಿದ್ದು. ಕೈ ಮಾತ್ರ ಬಿಡಲಿಲ್ಲ.

ಸಿನಿಮಾ ನಡುವಲ್ಲೇ ನಿಲ್ಲುತ್ತೆ. ಹುಡುಗ ಮನೆ ಅಂದುಕೊಂಡು ಬೇರೆ ಲೋಕಕ್ಕೆ ಹೋಗಿಬಿಡುತ್ತಾನೆ. ಅಲ್ಲಿ ಅವನ ಅಪ್ಪ ಆಗಲೇ ತೀರಿಕೊಂಡಿದ್ದಾನೆ. ಮುಂದಿನದು ಮುಂದಿನ ಭಾಗದಲ್ಲಿ. ಪುಟ್ಟಿ ಕಾಲು ಬಡಿದು ಅತ್ತಳು. ಹೋಟೆಲಿನಲ್ಲಿ ಮಸಾಲೆದೋಸೆ ಬಂದ ಮೇಲೆ ಸಮಾಧಾನವಾಯಿತು.

ರಾತ್ರಿ ಅಜ್ಜಿ ಮೊಮ್ಮಗಳು ಒಂದೇ ಹಾಸಿಗೆಯಲ್ಲಿ ಮಲಗಿ ಕಥೆ ಮಾತಾಡುತ್ತಿದ್ದರು. ಪುಟ್ಟಿಗೆ ನಿದ್ದೆ ಬಂತು. ದೀಪ ಆರಿಸಲು ಹೋದೆ. ಅಮ್ಮ ಇನ್ನೂ ಎಚ್ಚರವಾಗಿದ್ದಳು.

"ಆ ಹುಡುಗ ಮನೆ ಸೇರ್ತಾನಲ್ವಾ?" ಅಂತ ಕೇಳಿದಳು.

"ಸೇರ್ತಾನಮ್ಮ" ಅಂದೆ.

ಮುಂದಿನ ಭಾಗ ಬಂದಾಗ ನೀನು ಊರಿಗೆ ಬಾ. ಅಮ್ಮನ ಆಚೆ ಬದಿಯ ಸೀಟು ನಿನಗೆ.

ನಿನ್ನ ಗೆಳೆಯ