ಕೇರೋದಲ್ಲಿ ಮನೆ ಕಟ್ಟಿಸಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ,

ನಮಸ್ಕಾರ. ಇಲ್ಲಿಯ ವಸತಿ ಬಗ್ಗೆ ನಡೆದ ಕಳೆದ ಸಭೆಯಲ್ಲಿ ಅಧಿಕಾರಿಯೊಬ್ಬರು ಆಡಿದ "ಕೇರೋದಲ್ಲಿ ಮನೆಗೆ ಬೇಡಿಕೆ ಇಲ್ಲ" ಅನ್ನುವ ಮಾತನ್ನು ಕಿವಿಯಾರೆ ಕೇಳದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಇಷ್ಟು ವರ್ಷ ಸಹಿಸಿಕೊಂಡವಳು ಇನ್ನಷ್ಟು ದಿನ ಸಹಿಸಿಕೊಂಡೇ ಇರುತ್ತಿದ್ದೆ. ಆ ಮಾತು ಕೇಳಿದ ಮೇಲೆ ಸುಮ್ನೆ ಕೂರೋಕೆ ಆಗಲಿಲ್ಲ.

ಇದರ ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಕನ್ನಡದಲ್ಲೂ ಬರೆಯುತ್ತಿರುವುದು ನಮ್ಮ ಕಡೆಯ ಜನಕ್ಕೂ ವಿಷಯ ಗೊತ್ತಾಗಲಿ ಅಂತ. ಅಮೆರಿಕದಲ್ಲೂ ಸರ್ಕಾರ ಒಂದು ಊರನ್ನು ಹೀಗೆ ನಡುನೀರಿನಲ್ಲಿ ಕೈಬಿಡುತ್ತದೆ ಅಂದರೆ ಊರಲ್ಲಿ ಯಾರೂ ನಂಬುವುದಿಲ್ಲ.

ನಾನು ಕೇಳುತ್ತಿರುವುದು ಒಂದೇ. ಕೇರೋದಲ್ಲಿ ಮನೆ ಕಟ್ಟಿಸಿ. ಬಡವರ ಕೈಗೆಟಕುವ ಬಾಡಿಗೆಯ ಮನೆ. ಚಳಿಗಾಲದಲ್ಲಿ ಬೆಚ್ಚಗಿರುವ, ಮಳೆಗಾಲದಲ್ಲಿ ಸೋರದ ಮನೆ.

ನಿಮಗೆ ಊರು ಗೊತ್ತು. ಓದುವವರಿಗಾಗಿ ಎರಡು ಮಾತು. ಕೇರೋ ಇರುವುದು ಇಲಿನಾಯ್ ರಾಜ್ಯದ ದಕ್ಷಿಣದ ತುತ್ತತುದಿಯಲ್ಲಿ. ಒಂದು ಪಕ್ಕಕ್ಕೆ ಒಹಾಯೋ ನದಿ, ಇನ್ನೊಂದು ಪಕ್ಕಕ್ಕೆ ಮಿಸಿಸಿಪ್ಪಿ. ಊರು ಮುಗಿದಲ್ಲಿ ಎರಡೂ ಕೂಡುತ್ತವೆ. ಒಂದು ಸೇತುವೆ ದಾಟಿದರೆ ಕೆಂಟಕಿ, ಇನ್ನೊಂದು ದಾಟಿದರೆ ಮಿಸ್ಸೌರಿ. ಊರ ಸುತ್ತ ಎತ್ತರದ ಒಡ್ಡು. ಉತ್ತರದಲ್ಲಿ ರಸ್ತೆ ರೈಲು ಹಳಿಯ ಕೆಳಗೆ ನುಸುಳಿ ಬರುವ ಕಡೆ ದೈತ್ಯ ಉಕ್ಕಿನ ಬಾಗಿಲಿದೆ. ನೀರು ಏರಿ ಬಂದರೆ ಅದನ್ನು ಇಳಿಸಿ ಊರನ್ನೇ ಮುಚ್ಚಬಹುದು.

1861ರಲ್ಲಿ ಅಂತರ್ಯುದ್ಧ ಶುರುವಾದಾಗ ಉತ್ತರದ ಸೈನ್ಯದ ದಳಪತಿ ಗ್ರಾಂಟ್ ಇಲ್ಲಿ ಬೀಡುಬಿಟ್ಟಿದ್ದರು. ಇಲ್ಲಿಂದಲೇ ಸೈನ್ಯ ದಕ್ಷಿಣಕ್ಕೆ ಹೊರಟಿತು. ಗುಲಾಮಗಿರಿಯಿಂದ ಬಿಡಿಸಿಕೊಂಡು ಬಂದ ಸಾವಿರಾರು ಕಪ್ಪು ಜನ ಇದೇ ದಂಡೆಯಲ್ಲಿ ಹಡಗಿನಿಂದ ಇಳಿದರು. ಅವರಲ್ಲಿ ಎಷ್ಟೋ ಜನ ಇಲ್ಲೇ ನೆಲೆ ನಿಂತರು. ಹಬೆ ಹಡಗು, ರೈಲು, ಹತ್ತಿ, ಮರದ ವ್ಯಾಪಾರ. 1920ರ ಜನಗಣತಿಯಲ್ಲಿ ಊರಿನ ಜನ 15 ಸಾವಿರ ದಾಟಿತ್ತು. 2020ರ ಜನಗಣತಿಯಲ್ಲಿ ಉಳಿದವರು 1,733.

ಯಾಕೆ ಹೀಗಾಯಿತು ಅಂತ ಕೇಳಿದರೆ ಪ್ರತಿಯೊಬ್ಬರೂ ಸೇತುವೆ, ಹೆದ್ದಾರಿ ಅಂತ ಶುರುಮಾಡುತ್ತಾರೆ. ಅದೂ ನಿಜವೇ. 1889ರಲ್ಲಿ ಒಹಾಯೋ ಮೇಲೆ ರೈಲು ಸೇತುವೆ ಆದ ಮೇಲೆ ದೋಣಿಯಲ್ಲಿ ರೈಲು ದಾಟಿಸುವ ಕೆಲಸ ನಿಂತಿತು. ಆಮೇಲೆ 57ನೇ ನಂಬರಿನ ಹೆದ್ದಾರಿ ಊರಿನ ಒಳಗೆ ಬಾರದೆ ಹೊರಗಿಂದಲೇ ಹೋಯಿತು. ಆದರೆ ಇದರ ಜೊತೆಗೇ ಹೇಳಬೇಕಾದ ಮಾತು ಬೇರೆ ಇದೆ. 1909ರಲ್ಲಿ ವಿಲ್ ಜೇಮ್ಸ್ ಎಂಬ ಕಪ್ಪು ಮನುಷ್ಯನನ್ನು ಇದೇ ಊರಿನ ಬೀದಿಯಲ್ಲಿ ಸಾವಿರಾರು ಜನ ಸೇರಿ ಕೊಂದರು. 1962ರಲ್ಲಿ ಈಜುಕೊಳಕ್ಕೆ ಕಪ್ಪು ಮಕ್ಕಳನ್ನೂ ಬಿಡಿ ಅಂತ ಚಳವಳಿ ಆಯಿತು. ಮುಂದೆ ಸಂಸದರಾದ ಜಾನ್ ಲೂಯಿಸ್ ಆಗ ಇಲ್ಲಿ ಮಂಡಿಯೂರಿ ಪ್ರಾರ್ಥನೆ ಮಾಡಿದ್ದರು. ಎಲ್ಲ ಮಕ್ಕಳೂ ಒಟ್ಟಿಗೆ ಈಜುವುದಕ್ಕಿಂತ ಯಾರೂ ಈಜದಿರುವುದೇ ಮೇಲು ಅಂತ ಕೊಳವನ್ನೇ ಮುಚ್ಚಿದರು. 1967ರಲ್ಲಿ ರಾಬರ್ಟ್ ಹಂಟ್ ಎಂಬ 19 ವರ್ಷದ ಕಪ್ಪು ಸೈನಿಕ ಪೊಲೀಸ್ ಲಾಕಪ್‌ನಲ್ಲಿ ಸತ್ತು ಬಿದ್ದಿದ್ದ. ಪೊಲೀಸರು ಆತ್ಮಹತ್ಯೆ ಅಂದರು, ಊರು ಹೊತ್ತಿಕೊಂಡಿತು. 1969ರಿಂದ ಯುನೈಟೆಡ್ ಫ್ರಂಟ್ ಎಂಬ ಕಪ್ಪು ಜನರ ಸಂಘಟನೆಯವರು ಬಿಳಿಯರ ಅಂಗಡಿಗಳಿಗೆ ಬಹಿಷ್ಕಾರ ಹಾಕಿದರು. ಕಪ್ಪು ಜನರನ್ನು ಕೆಲಸಕ್ಕೆ ಸೇರಿಸಿಕೊಳ್ಳಿ ಅನ್ನುವುದು ಅವರ ಮುಖ್ಯ ಬೇಡಿಕೆ. ಎಷ್ಟೋ ಅಂಗಡಿಯವರು ಕೆಲಸ ಕೊಡುವ ಬದಲು ಬಾಗಿಲು ಹಾಕಿಕೊಂಡು ಹೋದರು. ಇವತ್ತು ಕಮರ್ಷಿಯಲ್ ಅವೆನ್ಯೂನಲ್ಲಿ ನಡೆದರೆ ಸಾಲು ಸಾಲು ಖಾಲಿ ನಿವೇಶನ. ನಿಂತಿರುವ ಒಂದೆರಡು ಕಟ್ಟಡಗಳ ಕಿಟಕಿಯಿಂದ ಮರದ ಕೊಂಬೆ ಹೊರಗೆ ಚಾಚಿದೆ.

ನಾನು ಟೀಚರ್. ಇದೇ ಕೌಂಟಿಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಹ್ಯಾಟಿ ಕೆಂಡ್ರಿಕ್ ಹೆಸರು ನೀವು ಕೇಳಿರುತ್ತೀರಿ. 1940ರ ದಶಕದಲ್ಲಿ ಕೇರೋದ ಕಪ್ಪು ಟೀಚರುಗಳಿಗೆ ಬಿಳಿಯರಷ್ಟೇ ಸಂಬಳ ಕೊಡಿ ಅಂತ ಕೋರ್ಟಿಗೆ ಹೋದವರು ಅವರು. ವಕೀಲರಾಗಿ ಬಂದವರು ಥರ್ಗುಡ್ ಮಾರ್ಷಲ್, ಮುಂದೆ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿ ಆದವರು. ಈ ಊರಿನ ಜನ ತಮಗೆ ಏನು ಬೇಕು ಅಂತ ಬಾಯಿಬಿಟ್ಟು ಕೇಳುತ್ತಲೇ ಬಂದಿದ್ದಾರೆ. ಬೇಡಿಕೆ ಇಲ್ಲ ಅಂತ ಇವರ ಬಗ್ಗೆ ಹೇಳಿದರೆ ನನಗೆ ಸಿಟ್ಟು ಬರದೆ ಏನಾಗುತ್ತದೆ ಹೇಳಿ?

ಇನ್ನು ಮನೆಯ ವಿಷಯ. ಎಲ್ಮ್‌ವುಡ್, ಮ್ಯಾಕ್‌ಬ್ರೈಡ್ ಇಲ್ಲಿದ್ದ ಎರಡು ಸರ್ಕಾರಿ ವಸತಿಗಳು. ಅಲ್ಲಿ ಇಲಿ, ತಿಗಣೆ, ಗೋಡೆ ತುಂಬ ಬೂಷ್ಟು. ಹೀಟರ್ ಕೆಟ್ಟರೆ ರಿಪೇರಿ ಇಲ್ಲ. ಜನ ಅಡುಗೆಯ ಓವನ್ ಹಚ್ಚಿ, ಬಾಗಿಲು ತೆರೆದಿಟ್ಟು ಚಳಿ ಕಾಯಿಸಿಕೊಳ್ಳುತ್ತಿದ್ದರು. ರಿಪೇರಿಗೆ ಹೋಗಬೇಕಿದ್ದ ದುಡ್ಡು ದುರ್ಬಳಕೆ ಆಗಿತ್ತು ಅಂತ ಆಮೇಲೆ ಕೇಂದ್ರದವರೇ ಹೇಳಿದರು. 2016ರಲ್ಲಿ ಕೇಂದ್ರದ ವಸತಿ ಇಲಾಖೆ ಆಡಳಿತ ವಹಿಸಿಕೊಂಡಾಗ ಇನ್ನಾದರೂ ಸರಿಹೋಗುತ್ತದೆ ಅಂತ ಜನ ನಂಬಿದರು. 2017ರ ಏಪ್ರಿಲ್‌ನಲ್ಲಿ ಅದೇ ಇಲಾಖೆ ಎರಡೂ ವಸತಿ ಮುಚ್ಚುತ್ತೇವೆ ಅಂದಿತು. ಸುಮಾರು 400 ಜನ, ಅದರಲ್ಲಿ ಹೆಚ್ಚುಕಡಿಮೆ ಅರ್ಧ ಮಕ್ಕಳು.

ಅವರ ಕೈಗೆ ಬಾಡಿಗೆ ವೋಚರ್ ಕೊಟ್ಟರು. ಬಾಡಿಗೆಯ ಒಂದು ಪಾಲನ್ನು ಸರ್ಕಾರ ಕಟ್ಟುವ ಚೀಟಿ ಅದು. ದೇಶದಲ್ಲಿ ಎಲ್ಲಿಗಾದರೂ ಹೋಗಬಹುದು. ಆದರೆ ಅದು ನಡೆಯುವಂಥ ಬಾಡಿಗೆ ಮನೆ ಕೇರೋದಲ್ಲೇ ಇಲ್ಲವಲ್ಲ! ಜನ ಕೆಂಟಕಿಯ ಪಡುಕಾಗೆ ಹೋದರು, ಮಿಸ್ಸೌರಿಯ ಕೇಪ್ ಜಿರಾರ್ಡೋಗೆ ಹೋದರು, ಇನ್ನೂ ದೂರ ಹೋದರು. ಶಾಲೆಯಲ್ಲಿ ಬೆಂಚು ಖಾಲಿಯಾದವು. ಚರ್ಚಿನ ಗಾಯಕರ ಸಾಲು ತೆಳ್ಳಗಾಯಿತು. ಬಾಸ್ಕೆಟ್‌ಬಾಲ್ ಪಂದ್ಯದ ರಾತ್ರಿ ಅಂದರೆ ಇಲ್ಲಿ ಜಾತ್ರೆ. ಅಜ್ಜಿಯಂದಿರೂ ಊರಿನ ಶಾಲೆಯ ಪೈಲಟ್ಸ್ ತಂಡದ ಬಣ್ಣದ ಅಂಗಿ ಹಾಕಿಕೊಂಡು ಬರುತ್ತಾರೆ. ಊರು ಬಿಟ್ಟು ಹೋದವರು ಆ ರಾತ್ರಿಗೆ ಸೇತುವೆ ದಾಟಿ ಬರುತ್ತಾರೆ. ಆಟ ಮುಗಿದ ಮೇಲೂ ಪಾರ್ಕಿಂಗ್‌ನಲ್ಲಿ ಗಂಟೆಗಟ್ಟಲೆ ನಿಂತು ಮಾತಾಡುತ್ತಾರೆ. ಅವರು ಯಾರೂ ಊರು ಬೇಡ ಅಂತ ಹೋದವರಲ್ಲ.

ಈಗ ಆ ಸಭೆಯ ಮಾತು. ನೀವು ಬಂದಿರಲಿಲ್ಲ. ವಸತಿ ಸಮೀಕ್ಷೆಯ ವರದಿ ಓದಲು ಒಂದು ಕಚೇರಿಯಿಂದ ಅಧಿಕಾರಿಯೊಬ್ಬರು ಬಂದಿದ್ದರು. ಕಚೇರಿಯ ಹೆಸರು ಬೇಡ, ನಿಮಗೆ ಗೊತ್ತಾಗುತ್ತದೆ. ಅವರು ಓದಿದ್ದು ಇಷ್ಟು: ಹಿಂದೆ ಸರ್ಕಾರಿ ವಸತಿಯಲ್ಲಿದ್ದ ಕುಟುಂಬಗಳಿಗೆ ಅಂಚೆಯಲ್ಲಿ ಫಾರಂ ಕಳಿಸಿದೆವು, ತುಂಬಿ ವಾಪಸ್ ಕಳಿಸಿದವರು ಯಾರೂ ಇಲ್ಲ, ಆದ್ದರಿಂದ ಕೇರೋದಲ್ಲಿ ಮನೆಗೆ ಬೇಡಿಕೆ ಇಲ್ಲ.

ಯಾವ ವಿಳಾಸಕ್ಕೆ ಕಳಿಸಿದಿರಿ ಅಂತ ನಾನು ಎದ್ದು ಕೇಳಿದೆ. ಅವರು ಕಡತದಿಂದ ಪಟ್ಟಿ ತೆಗೆದು ನನ್ನ ಕಡೆ ತಿರುಗಿಸಿದರು. ಎಲ್ಮ್‌ವುಡ್, ಇಂಥ ನಂಬರ್. ಮ್ಯಾಕ್‌ಬ್ರೈಡ್, ಇಂಥ ನಂಬರ್. ಕೆಳಗಿನವರೆಗೂ ಅದೇ. ಪಟ್ಟಿಯ ಹಿಂದೆ ರಬ್ಬರ್‌ಬ್ಯಾಂಡ್ ಹಾಕಿದ ಲಕೋಟೆಗಳ ಕಟ್ಟು. ಪ್ರತಿಯೊಂದರ ಮೇಲೂ ಅಂಚೆಯವರು ಅಂಟಿಸಿದ ಹಳದಿ ಚೀಟಿ, ತಲುಪಿಸಲು ಆಗಲಿಲ್ಲ ಅಂತ.

ಸ್ವಾಮಿ, ಆ ಕಟ್ಟಡಗಳನ್ನು ಕೆಡವಿ ಹಾಕಿದವರು ಸರ್ಕಾರದವರು. ಈಗ ಅಲ್ಲಿ ಹುಲ್ಲು ಬೆಳೆದಿದೆ. ನೀವೇ ಕೆಡವಿದ ಮನೆಗೆ ನೀವೇ ಪತ್ರ ಹಾಕಿ, ಉತ್ತರ ಬರಲಿಲ್ಲ, ಹಾಗಾಗಿ ಮನೆ ಬೇಡವಂತೆ ಅಂದರೆ ಇದಕ್ಕೆ ಏನೆನ್ನಬೇಕು? ನನ್ನ ಪಕ್ಕ ಕೂತಿದ್ದ ಹೆಂಗಸು ಎಲ್ಮ್‌ವುಡ್‌ನಲ್ಲಿ ಮೂರು ಮಕ್ಕಳನ್ನು ಬೆಳೆಸಿದವರು. ಪಟ್ಟಿಯಲ್ಲಿ ಅವರ ಹೆಸರೂ ಇತ್ತು. ಬೆರಳಿಟ್ಟು ತೋರಿಸಿ "ಇದು ನಾನೇ, ನನಗೆ ಮನೆ ಬೇಕು, ಬರೆದುಕೊಳ್ಳಿ" ಅಂದರು. ಸಮೀಕ್ಷೆಯ ಅವಧಿ ಮುಗಿದಿದೆ ಅಂತ ಅಧಿಕಾರಿ ಕಡತ ಮುಚ್ಚಿದರು. ಕೇಳಿಕೊಂಡು ಹೇಗೆ ತಡೆದುಕೊಳ್ಳಲಿ? ನಾಚಿಕೆ ಆಗಬೇಕು, ಇದು ಆಡಳಿತ ಅಲ್ಲ. ಈ ಮಾತು ಒರಟಾಯಿತು ಅನ್ನಿಸಿದರೆ ಅನ್ನಿಸಲಿ.

ನನ್ನ ಪಾಡನ್ನೂ ಹೇಳಿಬಿಡುತ್ತೇನೆ. ನಾವಿರುವುದು ಹಳೇ ಮನೆಯೊಂದರ ಅರ್ಧ ಭಾಗದಲ್ಲಿ, ಬಾಡಿಗೆಗೆ. ಮಾಲೀಕರು ಬೇರೆ ರಾಜ್ಯದಲ್ಲಿದ್ದಾರೆ, ಫೋನ್ ಎತ್ತುವುದು ಅಪರೂಪ. ಮಳೆ ಬಂದರೆ ಮಲಗುವ ಕೋಣೆಯ ಮೂಲೆಯಲ್ಲಿ ಬಕೆಟ್ ಇಡಬೇಕು. ಗೋಡೆಯ ಬೂಷ್ಟನ್ನು ಬ್ಲೀಚ್ ಹಾಕಿ ಉಜ್ಜುತ್ತೇನೆ, ಮತ್ತೆ ಬರುತ್ತದೆ. ನಮ್ಮ ಯಜಮಾನರಿಗೆ ಉಬ್ಬಸ. ಜನವರಿಯ ಒಂದು ರಾತ್ರಿ ಪಂಪ್ ಎಳೆದರೂ ಉಸಿರು ಬರಲಿಲ್ಲ. ಊರಿನ ಆಸ್ಪತ್ರೆ 1980ರ ದಶಕದಲ್ಲೇ ಮುಚ್ಚಿದೆ. ಕಾರಿನಲ್ಲಿ ಕೂರಿಸಿಕೊಂಡು, ಮಂಜುಗಟ್ಟಿದ ಸೇತುವೆಯ ಮೇಲೆ ನಿಧಾನಕ್ಕೆ ಹೋಗುತ್ತ, ಬೇರೆ ರಾಜ್ಯದ ಆಸ್ಪತ್ರೆ ಸೇರುವಷ್ಟರಲ್ಲಿ ಅವರ ತುಟಿ ನೀಲಿಯಾಗಿತ್ತು. ಉಳಿದುಕೊಂಡರು. ಡಾಕ್ಟರು ಮನೆ ಬದಲಾಯಿಸಿ ಅಂದರು. ಅಂದಿನಿಂದ ಹುಡುಕುತ್ತಲೇ ಇದ್ದೇನೆ. ಸಂಬಳ ಇದೆ, ಬಾಡಿಗೆ ಕೊಡುವ ಶಕ್ತಿ ಇದೆ, ಆದರೂ ಈ ಊರಲ್ಲಿ ಮನೆ ಸಿಗುತ್ತಿಲ್ಲ. ಕೆಲಸಕ್ಕೆ ಬರುವ ನರ್ಸ್, ಟೀಚರ್, ಪೊಲೀಸ್ ಎಲ್ಲಿರಬೇಕು? ಮನೆ ಕಟ್ಟಿಸಿ.

ನಾನು ಹಳೇ ಬಾಗಲಕೋಟೆಯವಳು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ನಮ್ಮ ಓಣಿಗಳು ಹೋದವು. ಆ ಸಂಕಟದ ಬಗ್ಗೆ, ಪರಿಹಾರದ ಜಗಳದ ಬಗ್ಗೆ ನಮ್ಮವರು ಇವತ್ತಿಗೂ ಮಾತಾಡುತ್ತಾರೆ. ಆದರೂ ಪಕ್ಕದಲ್ಲೇ ನವನಗರ ಅಂತ ಹೊಸ ಊರು ಕಟ್ಟಿದರು. ನಿವೇಶನ, ರಸ್ತೆ, ಶಾಲೆ ಅಲ್ಲೇ ಆದವು. ಓಣಿಯವರು ಓಣಿಯವರ ಕಣ್ಣಳತೆಯಲ್ಲೇ ಉಳಿದರು. ಅಷ್ಟು ದೂರ ಯಾಕೆ, ನಿಮ್ಮದೇ ಇಲಿನಾಯ್‌ನಲ್ಲಿ ವಾಲ್ಮೈಯರ್ ಇದೆಯಲ್ಲ. 1993ರ ಮಹಾಪೂರದಲ್ಲಿ ಮಿಸಿಸಿಪ್ಪಿ ಆ ಪುಟ್ಟ ಊರನ್ನು ನುಂಗಿತು. ಸರ್ಕಾರದ ದುಡ್ಡಿನ ನೆರವಿನಿಂದ ಊರನ್ನೇ ಗುಡ್ಡದ ಮೇಲೆ ಹೊಸದಾಗಿ ಕಟ್ಟಿದರು. ಆಗ ಅಲ್ಲಿದ್ದವರು ಸುಮಾರು 900 ಜನ. ಅಲ್ಲಿಗೆ ಆಗಿದ್ದು ಇಲ್ಲಿಗೆ ಯಾಕೆ ಆಗುವುದಿಲ್ಲ?

ನೀರಿನ ಕಾರಣ ಹೇಳಬೇಡಿ. 2011ರ ಮೇ 2ರ ರಾತ್ರಿ ಒಹಾಯೋ 61 ಅಡಿ ದಾಟಿದಾಗ ಸೇನೆಯ ಎಂಜಿನಿಯರುಗಳು ಬರ್ಡ್ಸ್ ಪಾಯಿಂಟ್ ಒಡ್ಡನ್ನು ಸ್ಫೋಟಿಸಿದರು. ನದಿಯ ಮೇಲಿನ ಒತ್ತಡ ಇಳಿಸಲು ಮಿಸ್ಸೌರಿಯ 1.3 ಲಕ್ಷ ಎಕರೆ ಹೊಲಕ್ಕೆ ನೀರು ಬಿಟ್ಟರು. ಪಿನ್‌ಹುಕ್ ಅನ್ನುವ ಕಪ್ಪು ರೈತರ ಹಳ್ಳಿ ಅದರಲ್ಲಿ ಹಾಳಾಯಿತು. ಆ ಹಳ್ಳಿಯವರ ಋಣ ಕೇರೋದವರು ಯಾರೂ ಮರೆತಿಲ್ಲ. ಸ್ಫೋಟಕ್ಕೆ ಮುಂಚೆ, ಹೊಲ ಮುಳುಗಬೇಕೋ ಕೇರೋ ಮುಳುಗಬೇಕೋ ಅಂತ ಕೇಳಿದ್ದಕ್ಕೆ ಮಿಸ್ಸೌರಿಯ ಆಗಿನ ವಿಧಾನಸಭಾ ಸ್ಪೀಕರ್ ಕೇರೋ ಅಂದಿದ್ದರು. ಆಮೇಲೆ ಕ್ಷಮೆ ಕೇಳಿದರು, ಸರಿ. ಆದರೆ ಅಷ್ಟು ಬೆಲೆ ತೆತ್ತು ನೀರಿನಿಂದ ಉಳಿಸಿಕೊಂಡ ಊರನ್ನು ಕಾಗದದಲ್ಲಿ ಮುಳುಗಿಸುತ್ತಿದ್ದೀರಲ್ಲ!

ಇಲ್ಲಿಯ ಜನ ಕೈಕಟ್ಟಿ ಕೂತಿಲ್ಲ. 2015ರಲ್ಲಿ ಇದ್ದ ಒಂದು ಕಿರಾಣಿ ಅಂಗಡಿಯೂ ಮುಚ್ಚಿತು. 2023ರಲ್ಲಿ ಊರವರೇ ಪಾಲು ಹಾಕಿ ರೈಸ್ ಕಮ್ಯುನಿಟಿ ಮಾರ್ಕೆಟ್ ತೆರೆದರು. ಸ್ಯಾಫರ್ಡ್ ಲೈಬ್ರರಿಯನ್ನು 1884ರಿಂದ ಕಾಪಾಡಿಕೊಂಡು ಬಂದಿದ್ದಾರೆ. 2024ರಲ್ಲಿ ಥ್ರೀಡಿ ಪ್ರಿಂಟರ್ ತಂದು ಜೋಡಿಮನೆಯೊಂದರ ಗೋಡೆ ಎಬ್ಬಿಸಿದಾಗ ಊರಿಗೆ ಊರೇ ಹೋಗಿ ನಿಂತು ನೋಡಿತು. ಆಮೇಲೆ ಆ ಕೆಲಸ ನಿಂತಿತು. ಅಂಗಡಿಗೆ ಗಿರಾಕಿ ಬೇಕಲ್ವಾ? ಶಾಲೆಗೆ ಮಕ್ಕಳು ಬೇಕಲ್ವಾ? ನದಿ ಬಂದರಿಗೆ 4 ಕೋಟಿ ಡಾಲರ್ ಕೊಡುತ್ತೇವೆ ಅಂತ 2020ರಲ್ಲಿ ರಾಜ್ಯದವರು ಹೇಳಿದರು. ಬಂದರು ಬರಲಿ, ಸಂತೋಷ. ಕೆಲಸದವರು ರಾತ್ರಿ ಎಲ್ಲಿ ಮಲಗುತ್ತಾರೆ? ಮೊದಲು ಮನೆ ಕಟ್ಟಿಸಿ.

ಆ ಸಮೀಕ್ಷೆಯನ್ನು ರದ್ದು ಮಾಡಿಸಿ. ಹೊಸದಾಗಿ ಮಾಡಿಸಿ. ವೋಚರ್ ಪಡೆದವರು ಈಗ ಎಲ್ಲಿದ್ದಾರೆ ಅನ್ನುವ ಲೆಕ್ಕ ಸರ್ಕಾರದಲ್ಲೇ ಇರಬೇಕು, ಆ ವಿಳಾಸಗಳಿಗೆ ಫಾರಂ ಕಳಿಸಿ. ಮುಂದಿನ ಬಜೆಟ್‌ನಲ್ಲಿ ಕೇರೋದ ಮನೆಗಳಿಗೆ ಅಂತಲೇ ದುಡ್ಡು ಇಡಿಸಿ. ಮುಂದಿನ ಸಭೆಗೆ ಬೇರೆಯವರನ್ನು ಕಳಿಸಬೇಡಿ, ನೀವೇ ಬನ್ನಿ. ಪಟ್ಟಿಯಲ್ಲಿ ಬೆರಳಿಟ್ಟು ಹೆಸರು ತೋರಿಸಿದ ಆ ಹೆಂಗಸನ್ನು ನಾನೇ ನಿಮ್ಮ ಮುಂದೆ ಕೂರಿಸುತ್ತೇನೆ. ಅವರಿಗೆ ಮನೆ ಬೇಕೋ ಬೇಡವೋ ನೀವೇ ಕೇಳಿ, ಬರೆದುಕೊಳ್ಳಿ.

ಇಂತಿ,
ನಿಮ್ಮ ಕ್ಷೇತ್ರದ ಮತದಾರಳು, ಒಬ್ಬ ಶಾಲಾ ಶಿಕ್ಷಕಿ
ಕೇರೋ, ಇಲಿನಾಯ್