ಆಕೆಯ ಕಾಲು ಎಲ್ಲಿ, ಪುಟ್ಟಿ?

ಪ್ರೀತಿಯ ಪುಟ್ಟಿ,

ಐರ್ಲೆಂಡಿನ ಕಾರ್ಕ್‌ನಿಂದ ರೈಲು ಹತ್ತಿ ಕೋವ್‌ಗೆ ಹೋಗಿದ್ದೆ ಅಂತ ಫೋಟೋ ಕಳಿಸಿದೆಯಲ್ಲ. ಅಮ್ಮ ನೀನು ಸ್ವೆಟರ್ ಹಾಕಿದ್ದೀಯಾ ಅಂತ ನೋಡಿದಳು. ನಾನು ನಿನ್ನ ಹಿಂದಿದ್ದ ಕಂಚಿನ ಪ್ರತಿಮೆ ನೋಡಿದೆ. ಟೈಟಾನಿಕ್ ಕೊನೆಯದಾಗಿ ನಿಂತ ಬಂದರು ಅಂತ ಬರೆದೆ. ಸರಿ, ಆಕೆ ಯಾರು ಅಂತ ಬರೆಯಲೇ ಇಲ್ಲ!

ಅವಳು ಸೋನಿಯಾ ಓ'ಸುಲಿವನ್, ಅದೇ ಊರಿನ ಹುಡುಗಿ. 1995ರಲ್ಲಿ 5000 ಮೀಟರ್ ಓಟದ ವಿಶ್ವ ಚಾಂಪಿಯನ್. ಮರುವರ್ಷ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಚಿನ್ನ ಇವಳಿಗೇ ಅಂತ ಐರ್ಲೆಂಡಿಗೆ ಐರ್ಲೆಂಡೇ ನಂಬಿತ್ತು. ಆದರೆ ಯಾವ ಕಂಪನಿಯ ಬಟ್ಟೆ ತೊಡಬೇಕು ಅಂತ ಅಧಿಕಾರಿಗಳೊಳಗೇ ಜಗಳ. ಟ್ರ್ಯಾಕಿಗೆ ಹೋಗುವ ಸುರಂಗದಲ್ಲಿ ಅವಳನ್ನು ತಡೆದು, ಅಲ್ಲೇ ಬಟ್ಟೆ ಬದಲಾಯಿಸು ಅಂದರು. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಮೇಲೆ ಹೊಟ್ಟೆ ಬೇರೆ ಕೆಟ್ಟಿತ್ತು. ಫೈನಲ್ ಮುಗಿಯುವ ಮೊದಲೇ ಟ್ರ್ಯಾಕ್ ಬಿಟ್ಟು ಒಳಗೆ ಹೋಗಿಬಿಟ್ಟಳು.

1999ರಲ್ಲಿ ಮೊದಲ ಮಗಳು ಹುಟ್ಟಿದಳು. ಕೂಸಿಗೆ ಹದಿನಾಲ್ಕು ತಿಂಗಳಿದ್ದಾಗ ಸಿಡ್ನಿ ಒಲಿಂಪಿಕ್ಸ್. ಅಲ್ಲಿ 5000 ಮೀಟರ್ ಫೈನಲ್‌ನಲ್ಲೂ ನಡುವೆ ಹಿಂದೆ ಬಿದ್ದಳು. ಮುಗೀತು, ಮತ್ತೆ ಅದೇ ಕಥೆ ಅನ್ನಿಸುವಷ್ಟರಲ್ಲಿ ಗುಂಪನ್ನು ಸೇರಿಕೊಂಡಳು. ಕೊನೆಗೆ ರೊಮೇನಿಯಾದ ಗಾಬ್ರಿಯೆಲಾ ಸಾಬೋ 14:40.79, ಇವಳು 14:41.02. ಕಣ್ಣು ಮಿಟುಕಿಸುವಷ್ಟು ಅಂತರದಲ್ಲಿ ಬೆಳ್ಳಿ.

ಆಮೇಲೆ 'ದಿ ಐರಿಶ್ ಟೈಮ್ಸ್' ಪತ್ರಿಕೆಗೆ ಅಂಕಣ ಬರೆಯತೊಡಗಿದಳು. ನನಗೆ ಅವಳ ಪದಕಗಳಿಗಿಂತ ಇದೇ ಜಾಸ್ತಿ ಇಷ್ಟ. ಕ್ರೀಡಾ ಪುಟದಲ್ಲಿ ಸೋತವರಿಗೆ ಸಿಗುವುದು 'ನಿರಾಸೆ ಮೂಡಿಸಿದರು' ಅನ್ನುವ ಒಂದು ಸಾಲು, ಅಷ್ಟೆ. ಓಟದ ನಡುವೆ ನಿಂತುಬಿಟ್ಟವಳಿಗೆ ಹಾಗೆ ಸುಮ್ನೆ ಗೀಚಿ ಹೋಗೋಕೆ ಕೈ ಬರುತ್ತಾ? 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅವಳ ಎರಡನೇ ಮಗಳು ಸೋಫಿ 1500 ಮೀಟರ್ ಓಡಿದಳು. ಆವತ್ತು ಆ ತಾಯಿಯ ಎದೆ ಹೇಗೆ ಹೊಡೆದುಕೊಂಡಿರಬೇಕು ಅಂತ ಯೋಚಿಸಿದೆ. ನೀನು ಹೈಸ್ಕೂಲಿನಲ್ಲಿ ರಿಲೇ ಓಡಿದಾಗ ನಾನು ನೋಡಲಾಗದೆ ಶಾಲೆಯ ಗೇಟಿನ ಹೊರಗೆ ನಿಂತಿದ್ದವನು!

ಹೋದ ವಾರ ಹತ್ತು ಕಿಲೋಮೀಟರ್ ಓಟದಲ್ಲಿ ಏಳಕ್ಕೇ ನಿಂತೆ ಅಂತ ಅಮ್ಮನಿಗೆ ಮಾತ್ರ ಹೇಳಿದೆಯಂತೆ. ನನಗ್ಯಾಕೆ ಹೇಳಲಿಲ್ಲ? ಏಳು ಕಿಲೋಮೀಟರ್ ಅಂದರೆ ನಮ್ಮ ಮನೆಯಿಂದ ರೈಲ್ವೆ ಸ್ಟೇಷನ್‌ಗೆ ಹೋಗಿ ವಾಪಸ್ ಬಂದಷ್ಟು. ನಾನು ಅದಕ್ಕೆ ಆಟೋ ಹಿಡಿಯುತ್ತೇನೆ.

ಮತ್ತೆ ಕೋವ್‌ಗೆ ಹೋದರೆ ಇನ್ನೊಂದು ಫೋಟೋ ತೆಗೆ. ಇದರಲ್ಲಿ ಪ್ರತಿಮೆ ಸೊಂಟದವರೆಗೆ ಮಾತ್ರ ಬಂದಿದೆ. ಓಡುವವಳ ಕಾಲನ್ನೇ ಬಿಟ್ಟರೆ ಹೇಗೆ ಮಾರಾಯ್ತಿ?

ನಿನ್ನ
ಅಪ್ಪ