ಗೆಳೆಯನಿಗೊಂದು ಪತ್ರ: ಹೊಸ ಕ್ಯಾಮೆರಾ ಬ್ಯಾಡ, ಅಡುಗೆಮನೆ ಕಿಟಕಿ ಸಾಕು

ಬೀದರ, ಭಾನುವಾರ

ಪ್ರಿಯ ಗೆಳೆಯಾ,

ನೀನು ಕಳಿಸಿದ 43 ಫೋಟೊ ಎರಡೆರಡು ಸಲ ನೋಡಿದೆ. ಸುತ್ತಿ ಬಳಸಿ ಹೇಳುವುದಿಲ್ಲ. ಎರಡು ಭಾಳ ಚಲೋ ಬಂದಿವೆ, ನಾಲ್ಕನ್ನು ಮತ್ತೊಮ್ಮೆ ತೆಗೆದರೆ ಚಲೋ ಆಗುತ್ತವೆ, ಉಳಿದವನ್ನು ಅಳಿಸಿಬಿಡು. ವರ್ಷದ ಹಿಂದೆ ಕ್ಯಾಮೆರಾ ಹಿಡಿದವನಿಗೆ ಇದು ಕಮ್ಮಿ ಅಲ್ಲ. ಆದರೆ ಕೊನೆಯಲ್ಲಿ ‘ಫುಲ್ ಫ್ರೇಮ್ ತಗೊಳ್ಳಲೇನು’, ಅಂದರೆ ದೊಡ್ಡ ಸೆನ್ಸರಿನ ಕ್ಯಾಮೆರಾ, ಅಂತ ಕೇಳಿದ್ದೀಯಲ್ಲ, ಅದು ಬ್ಯಾಡ. ಆ ವಿಚಾರ ನಿನ್ನ ಮನೆಯಾಕೆ, ನಮ್ಮ ವೈನಿ ಕಿವಿಗೆ ಬೀಳುವ ಮೊದಲೇ ಬಿಟ್ಟುಬಿಡು. ಕೆಟ್ಟ ಫೋಟೊಗಳಲ್ಲಿ ಒಂದೂ ಬೆಳಕು ಹಿಡಿಯುವ ಆ ಸೆನ್ಸರ್ ಸಣ್ಣದಿದ್ದದ್ದಕ್ಕೆ ಕೆಟ್ಟಿಲ್ಲ. ಯಾಕೆ ಕೆಟ್ಟವು ಅನ್ನುವುದನ್ನು ನಿನ್ನ ಫೋಟೊಗಳಿಂದಲೇ ತೋರಿಸುತ್ತೇನೆ.

ಮೊದಲು ಅವ್ವ ರೊಟ್ಟಿ ಬಡಿಯುವ ಫೋಟೊ. ಮುಖ, ಹಂಚು, ಒಲೆಯ ಹಿಂದಿನ ಮಸಿ ಹಿಡಿದ ಗೋಡೆ ಎಲ್ಲ ಸರಿ ಇವೆ, ಕೈ ಮಾತ್ರ ಕಲಸಿಹೋಗಿದೆ. ನೀನು ಡಾಕ್ಯುಮೆಂಟ್ ಆಗಿ ಕಳಿಸಿದ್ದರಿಂದ ಫೈಲಿನೊಳಗೆ ಕ್ಯಾಮೆರಾದ ವಿವರ ಉಳಿದಿತ್ತು, ತೆಗೆದು ನೋಡಿದೆ: ಕ್ಯಾಮೆರಾ ಜೊತೆ ಬಂದ ಕಿಟ್ ಲೆನ್ಸ್ 55 ಎಂಎಂ, ಲೆನ್ಸಿನ ಬಾಯಿ ಎಫ್/5.6, ಬೆಳಕಿನ ಸೂಕ್ಷ್ಮತೆ ಅಂದರೆ ಐಎಸ್‌ಒ 1600, ಶಟರ್ 1/60 ಸೆಕೆಂಡ್. ರೊಟ್ಟಿ ಬಡಿಯುವ ಕೈ 1/60ಕ್ಕೆ ನಿಲ್ಲುವುದಿಲ್ಲ. ಕೈ ನಿಲ್ಲಬೇಕಾದರೆ 1/250 ಬೇಕು, ಸಿಡಿಯುವ ಹಿಟ್ಟಿನ ಕಣವೂ ನಿಲ್ಲಬೇಕಾದರೆ 1/500. ನೀನು ಆಟೊ ಐಎಸ್‌ಒ ಮಿತಿಯನ್ನು 1600ಕ್ಕೆ ಕಟ್ಟಿಹಾಕಿದ್ದೀ, ಕಿಟ್ ಲೆನ್ಸಿನ ಬಾಯಿ 55ರಲ್ಲಿ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಹಾಗಾಗಿ ಕ್ಯಾಮೆರಾಕ್ಕೆ ಶಟರ್ ನಿಧಾನ ಮಾಡುವುದನ್ನು ಬಿಟ್ಟು ಬೇರೆ ದಾರಿಯೇ ಉಳಿಯಲಿಲ್ಲ. ಮಿತಿಯನ್ನು 6400ಕ್ಕೆ ಏರಿಸು, ಅದೇ ಬೆಳಕಿನಲ್ಲಿ 1/250 ಸಿಗುತ್ತದೆ. ನಾಯ್ಸ್, ಅಂದರೆ ಕಾಳುಕಾಳು ಚುಕ್ಕೆ, ಬರುತ್ತದೆ, ಬರಲಿ. 8×12 ಇಂಚಿನ ಪ್ರಿಂಟಿನಲ್ಲಿ ಆ ನಾಯ್ಸ್ ಯಾರ ಕಣ್ಣಿಗೂ ಚುಚ್ಚುವುದಿಲ್ಲ. ಅಲುಗಾಡಿದ ಕೈಯನ್ನು ಮಾತ್ರ ಯಾವ ಸಾಫ್ಟ್‌ವೇರೂ ರಿಪೇರಿ ಮಾಡದು.

ಎರಡನೆಯದು, ಟ್ಯೂಬ್‌ಲೈಟ್ ಆರಿಸು. ಮೇಲಿನಿಂದ ಟ್ಯೂಬ್, ಇನ್ನೊಂದು ಕಡೆಯಿಂದ ಕಿಟಕಿ, ಎರಡರ ಬಣ್ಣ ಬೇರೆ ಬೇರೆ. ಬಿಳಿ ಬಿಳಿಯಾಗೇ ಕಾಣಲಿ ಅಂತ ಒಂದಕ್ಕೆ ವೈಟ್ ಬ್ಯಾಲೆನ್ಸ್ ಹೊಂದಿಸಿದರೆ ಇನ್ನೊಂದು ಹಸಿರಿಗೋ ನೀಲಿಗೋ ಹೋಗುತ್ತದೆ. ಅವ್ವನ ಎಡಗೆನ್ನೆ ಹಸಿರು ಬಂದದ್ದು ಅದಕ್ಕೇ. ಮೂರನೆಯದು ನೀನು ನಿಂತ ಜಾಗ. ಕಿಟಕಿ ನಿನ್ನ ಬೆನ್ನಿಗಿತ್ತು. ಹಿಟ್ಟಿನ ಧೂಳು ಕಾಣಬೇಕಾದರೆ ಬೆಳಕು ಅದರ ಹಿಂದಿನಿಂದ ಬರಬೇಕು, ಹಿನ್ನೆಲೆ ಕತ್ತಲಿರಬೇಕು. ಒಲೆ ಸರಿಸಲಾಗದು, ನೀನೇ ಜಾಗ ಬದಲಿಸು. ಕಿಟಕಿ ಅವ್ವನ ಆಚೆ ಭುಜದ ಕಡೆ ಬರುವಂತೆ ನಿಂತು, ಕೈಯ ಹಿಂದೆ ಆ ಮಸಿ ಗೋಡೆ ಬರುವಂತೆ ನೋಡಿಕೋ. ಕಪ್ಪು ಗೋಡೆ ಕಂಡ ಕ್ಯಾಮೆರಾದ ಬೆಳಕಳೆಯುವ ಮೀಟರ್ ಮೋಸಹೋಗಿ ಬೆಳಕು ಹೆಚ್ಚಿಸುತ್ತದೆ, ಹಿಟ್ಟು ಸುಣ್ಣದಂತಾಗುತ್ತದೆ. ಆದ್ದರಿಂದ ಬೆಳಕು ಏರಿಸಿ ಇಳಿಸುವ ಎಕ್ಸ್‌ಪೋಷರ್ ಕಾಂಪೆನ್ಸೇಶನ್ ಮೈನಸ್ 0.7 ಇಡು. ಇನ್ನೊಂದು ಮಾತು: ಕ್ಯಾಮೆರಾ ಕಂಡ ಕೂಡಲೇ ಅವ್ವ ಸೆರಗು ಸರಿಮಾಡಿಕೊಂಡು ಬಿಗಿಯಾಗಿಬಿಡುತ್ತಾರೆ. ಮೊದಲ ಐದಾರು ರೊಟ್ಟಿ ಸುಮ್ಮನೆ ಕೂತು ಮಾತಾಡು, ಒಂದು ಬಿಸಿ ರೊಟ್ಟಿ ಖಾರದ ಹಿಂಡಿ ಹಚ್ಚಿಕೊಂಡು ತಿನ್ನು. ಏಳನೆಯದಕ್ಕೆ ನಿನ್ನನ್ನು ಮರೆತಿರುತ್ತಾರೆ.

ದುಡ್ಡು ಕೈಯಲ್ಲಿ ಕಡಿಯುತ್ತಲೇ ಇದ್ದರೆ ಒಂದು 35 ಎಂಎಂ ಎಫ್/1.8 ತಗೋ, ಸೆಕೆಂಡ್ ಹ್ಯಾಂಡ್ ಆದರೂ ಅಡ್ಡಿಯಿಲ್ಲ. ಎಲ್ಲರೂ 50 ಹೇಳುತ್ತಾರೆ. ನಿನ್ನ ಅಡುಗೆಮನೆಯಲ್ಲಿ ಹಿಂದೆ ಸರಿಯಲು ಆರು ಅಡಿ ಜಾಗ ಇದ್ದೀತು. ನಿನ್ನ ಸಣ್ಣ (ಕ್ರಾಪ್) ಸೆನ್ಸರಿನ ಮೇಲೆ ಆರು ಅಡಿ ದೂರದಿಂದ 50 ಎಂಎಂಗೆ ಕಾಣುವ ಅಗಲ ಮೂರು ಅಡಿಗಿಂತ ಕಮ್ಮಿ: ಅವ್ವನ ಮುಖ ಬಂದರೆ ಹಂಚು ಬರದು. 35ಕ್ಕೆ ನಾಲ್ಕು ಅಡಿ ಸಿಗುತ್ತದೆ, ಮುಖ, ಕೈ, ಹಂಚು ಮೂರೂ ಕೂಡುತ್ತವೆ. ಎಫ್/2.8ರಲ್ಲಿ ಆ ದೂರಕ್ಕೆ ಒಂದು ಅಡಿಯಷ್ಟು ಆಳ ಚೊಕ್ಕ ಬರುತ್ತದೆ. ಫೋಕಸ್ ಕೈ ಮೇಲೋ ಮುಖದ ಮೇಲೋ ಅನ್ನುವುದನ್ನು ನೀನೇ ಮೊದಲು ಠರಾಯಿಸಬೇಕು, ಕ್ಯಾಮೆರಾಕ್ಕೆ ಬಿಡಬೇಡ.

ಇನ್ನು ನಿಮ್ಮ ಕಲಬುರಗಿ ಕೋಟೆಯ ಜಾಮಿ ಮಸೀದಿ. 1367ರ ಆ ಕಟ್ಟಡಕ್ಕೆ ತೆರೆದ ಅಂಗಳವೇ ಇಲ್ಲ, ಪೂರ್ತಿ ಸೂರಿನ ಕೆಳಗೇ ಇದೆ. ಬೆಳಕು ಹೆಚ್ಚಾಗಿ ಬದಿಯ ಕಮಾನುಗಳಿಂದಲೇ ಒಳಗೆ ಬರುತ್ತದೆ. ಅದೇ ಅದರ ಸೊಗಸು, ಅದೇ ಕಷ್ಟ. ನೀನು ‘ಕಟ್ಟಡ ಅಂದರೆ ಎಫ್/11’ ಅಂತ ಎಲ್ಲೋ ಕೇಳಿದ್ದನ್ನು ಹಿಡಿದುಕೊಂಡು ಕೈಯಲ್ಲೇ 1/4 ಸೆಕೆಂಡ್ ತೆಗೆದಿದ್ದೀ, ಎಂಟಕ್ಕೆ ಎಂಟೂ ಅಲುಗಾಡಿವೆ. ಇಂಥ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಲು ಪುರಾತತ್ವ ಇಲಾಖೆಯ ಅನುಮತಿ ಬೇಕು, ಆದ್ದರಿಂದ ಕೈಯಲ್ಲೇ ಆಗುವ ಲೆಕ್ಕ ಹಾಕು. 18 ಎಂಎಂ, ಎಫ್/4 ಇಟ್ಟು ನಾಲ್ಕು ಮೀಟರ್ ದೂರದ ಕಂಬಕ್ಕೆ ಫೋಕಸ್ ಮಾಡಿದರೆ ಎರಡು ಮೀಟರಿನಿಂದ ಹಿಡಿದು ಕೊನೆಯ ಗೋಡೆವರೆಗೆ ಎಲ್ಲ ಚೊಕ್ಕ ಬರುತ್ತದೆ. ಐಎಸ್‌ಒ 1600ಕ್ಕೆ 1/30 ಸಿಗುತ್ತದೆ, ಕಂಬಕ್ಕೆ ಭುಜ ಆನಿಸಿ ಉಸಿರು ಬಿಟ್ಟು ಒತ್ತು. ಆ ಕಮಾನುಗಳ ಸಾಲು ಎತ್ತರಕ್ಕಿಂತ ಅಗಲ ಹೆಚ್ಚು. ಕ್ಯಾಮೆರಾವನ್ನು ಮೇಲಕ್ಕೆ ಎತ್ತಿದೆಯೋ ಕಂಬಗಳು ಒಂದರ ಮೇಲೊಂದು ಬಾಗಿ ಬೀಳುತ್ತವೆ. ವ್ಯೂಫೈಂಡರಿನಲ್ಲಿ ಗ್ರಿಡ್ ಹಾಕಿ, ಮಟ್ಟಸ ಹಿಡಿದು, ನೆಲ ಹೆಚ್ಚಾದರೆ ಆಮೇಲೆ ಕತ್ತರಿಸು. ಹೊರಗಿನ ಬಿಸಿಲು ಕಾಣುವ ಕಮಾನು ಫ್ರೇಮಿನಲ್ಲಿದ್ದರೆ ರಾ (ಕ್ಯಾಮೆರಾ ತಿದ್ದದೆ ಉಳಿಸುವ) ಫೈಲಿನಲ್ಲೇ ತೆಗೆ, ಬೆಳಕಿಗೆ ಅಳತೆ ಮಾಡು. ನೆರಳನ್ನು ಆಮೇಲೆ ಎತ್ತಬಹುದು, ಸುಟ್ಟುಹೋದ ಬಿಳಿಯನ್ನು ಎಲ್ಲಿಂದ ತರುವೆ? ಯಾರಾದರೂ ಪ್ರಾರ್ಥನೆಯಲ್ಲಿದ್ದರೆ ಕ್ಯಾಮೆರಾ ಚೀಲದೊಳಗೆ ಹೋಗಲಿ.

ನನಗೆ ಎಲ್ಲಕ್ಕಿಂತ ಬೇಜಾರಾದದ್ದು ಬಿದ್ರಿ ಹೂದಾನಿ ನೋಡಿ. ವೈನಿ ತವರುಮನೆಯದು ಅಂದೆ. ಅಂಥ ಸಾಮಾನಿಗೆ ಎದುರಿನಿಂದ ಫ್ಲ್ಯಾಶ್ ಹೊಡೆದಿದ್ದೀಯಲ್ಲೋ! ನಡುವೆ ಒಂದು ಬಿಳಿ ಚುಕ್ಕೆ, ಸುತ್ತ ಕಪ್ಪು, ಬೆಳ್ಳಿಯ ಬಳ್ಳಿ ಎಲ್ಲಿ ಹೋಯಿತು? ಬಿದ್ರಿಯ ಒಡಲು ಸತುವು, ಹದಿನಾರು ಪಾಲಿಗೆ ಒಂದು ಪಾಲಿನಷ್ಟು ತಾಮ್ರ. ನಮ್ಮ ಬೀದರ ಕೋಟೆಯ ಮಣ್ಣಿಗೆ ನವಸಾಗರ ಕೂಡಿಸಿ ಕಾಯಿಸಿ ತಿಕ್ಕಿದಾಗ ಆ ಒಡಲು ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಫೋಟೊದ ತಕರಾರೂ ಅಲ್ಲೇ ಇದೆ. ಒಡಲು ಮಂಕು, ಬೆಳ್ಳಿ ಕನ್ನಡಿ. ಕನ್ನಡಿ ತನ್ನ ಎದುರಿಗೆ ಇದ್ದದ್ದನ್ನೇ ತೋರಿಸುತ್ತದೆ. ಕತ್ತಲ ಕೋಣೆಯಲ್ಲಿ ಫ್ಲ್ಯಾಶ್ ಹೊಡೆದರೆ ಆ ಸಣ್ಣ ಬಲ್ಬನ್ನೂ ಉಳಿದ ಕತ್ತಲನ್ನೂ ತೋರಿಸುತ್ತದೆ. ಹಾಗಾಗಿ ಬೆಳ್ಳಿಯ ಎದುರು ದೊಡ್ಡ ಬಿಳುಪು ಇಡಬೇಕು.

ನೇರ ಬಿಸಿಲು ಬೀಳದ ಕಿಟಕಿಯಿಂದ ಮೂರು ಅಡಿ ದೂರ ಟೇಬಲ್ ಹಾಕು. ಕಿಟಕಿಗೆ ಒಗೆದ ಬಿಳಿ ಧೋತರ ಒಂದೇ ಪದರ ಕಟ್ಟು. ಆಚೆ ಬದಿಗೆ ಎರಡು ಅಡಿಯ ಥರ್ಮೋಕೋಲ್ ಹಾಳೆ, ಮೇಲೆ ಬಿಳಿ ಡ್ರಾಯಿಂಗ್ ಶೀಟ್ ಇಳಿಜಾರಾಗಿ. ಹಿಂದೆ ಕಪ್ಪು ಬಟ್ಟೆ ಹಾಕಬೇಡ, ಹೂದಾನಿಯ ಅಂಚು ಅದರೊಳಗೆ ಕರಗಿಹೋಗುತ್ತದೆ. ಬೂದು ಬಣ್ಣದ ಚಾರ್ಟ್ ಸಾಕು. ಮನೆಯ ದೀಪವೆಲ್ಲ ಆರಿಸು. ಕ್ಯಾಮೆರಾ ಟ್ರೈಪಾಡಿನ ಮೇಲೆ, ಲೆನ್ಸ್ 55ಕ್ಕೆ, ನಾಲ್ಕು ಅಡಿ ದೂರ. 18ರಲ್ಲಿ ಹತ್ತಿರ ಹೋದರೆ ಹೂದಾನಿಯ ಹೊಟ್ಟೆ ಉಬ್ಬುತ್ತದೆ. ಐಎಸ್‌ಒ 100, ಎಫ್/11, ಎರಡು ಸೆಕೆಂಡ್ ಟೈಮರ್. ಶಟರ್ ಅರ್ಧ ಸೆಕೆಂಡೋ ಒಂದೋ ಬಂದರೂ ಚಿಂತೆಯಿಲ್ಲ, ಹೂದಾನಿ ಎಲ್ಲಿಗೂ ಓಡಿಹೋಗುವುದಿಲ್ಲ. ಇಲ್ಲೂ ಮೀಟರ್ ಕಪ್ಪನ್ನು ಬೂದು ಮಾಡಲು ನೋಡುತ್ತದೆ, ಮೈನಸ್ 1 ಇಟ್ಟು ಶುರು ಮಾಡು. ಬೆಳ್ಳಿಯ ಎಳೆಗಳು, ಬಿಳಿ ಸುಟ್ಟಿತು ಅಂತ ಕ್ಯಾಮೆರಾ ತೋರಿಸುವ ಹೈಲೈಟ್ ಎಚ್ಚರಿಕೆಯಲ್ಲಿ ಮಿನುಗಿದರೆ ಇನ್ನೂ ಇಳಿಸು. ಉಬ್ಬಿದ ಹೊಟ್ಟೆಯ ನಡುವೆ ನೀನೇ ಕಾಣಿಸುತ್ತೀ: ಬಿಳಿ ಹಾಳೆಗೆ ಲೆನ್ಸಿನಷ್ಟು ತೂತು ಕೊರೆದು ಅದರ ಹಿಂದೆ ನಿಲ್ಲು. ಹೊಳಪು ತಗ್ಗಿಸುವ ಪೋಲರೈಜರ್ ಫಿಲ್ಟರ್ ತಿರುಗಿಸುತ್ತಾ ಕೂರಬೇಡ, ಲೋಹದ ನೇರ ಹೊಳಪನ್ನು ಅದು ತೆಗೆಯದು. ಅದೇ ಪೋಲರೈಜರನ್ನು ಇಲ್ಲಿ ಬೀದರದ 1472ರ ಗವಾನ್ ಮದರಸಾದ ನೀಲಿ ಹೆಂಚಿನ ಮುಂದೆ ತಿರುಗಿಸು, ಗಾಜಿನಂಥ ಮೆರುಗಿನ ಮೇಲಿನ ಬಿಳಿಚು ಹೋಗಿ ಬಣ್ಣ ಎದ್ದು ಬರುತ್ತದೆ. ಹೂದಾನಿಯ ಫೋಟೊ ತೆಗೆಯುವ ಮೊದಲು ಒಣ ಹತ್ತಿ ಬಟ್ಟೆಯಲ್ಲಿ ಬೆರಳಚ್ಚು ಒರೆಸು. ಹುಣಸೆಹಣ್ಣು, ಪಾತ್ರೆ ಪೌಡರ್ ಹಚ್ಚಿದರೆ ಕಪ್ಪೇ ಹೋದೀತು, ಆಮೇಲೆ ವೈನಿಗೆ ನೀನೇ ಉತ್ತರ ಕೊಡಬೇಕು.

ವೈನಿ ಸಿಟ್ಟಿನ ವಿಷಯ ಬರೆದಿದ್ದೀ. ತಿಂಗಳಿಗೆ ನಾಲ್ಕು ಭಾನುವಾರ, ನಾಲ್ಕೂ ನೀನೇ ತಗೊಂಡರೆ ಮನೆಯವರಿಗೆ ಏನು ಉಳಿಯಿತು? ಎರಡು ಬೆಳಗು ನಿನ್ನವು ಅಂತ ಮೊದಲೇ ಮಾತಾಡಿಕೋ. ಸೂರ್ಯ ಹುಟ್ಟುವ ಅರ್ಧ ತಾಸು ಮೊದಲು ಜಾಗದಲ್ಲಿರು, ಎಂಟೂವರೆಗೆ ಮನೆಯಲ್ಲಿರು, ಬರುವಾಗ ಮಾಲಪುರಿ ಕಟ್ಟಿಸಿಕೊಂಡು ಬಾ. ಇದರಿಂದ ನಿನಗೆ ನಷ್ಟವೇನೂ ಇಲ್ಲ. ಕಲಬುರಗಿ ಇರುವುದು 17.3 ಡಿಗ್ರಿ ಅಕ್ಷಾಂಶದಲ್ಲಿ. ಮೇ ಎರಡನೇ ವಾರದ ಹೊತ್ತಿಗೆ ನಡುಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿ ಮೇಲಿರುತ್ತಾನೆ, ಹುಬ್ಬಿನ ನೆರಳು ಬಿದ್ದು ಕಣ್ಣೇ ಕಾಣುವುದಿಲ್ಲ. ಆಗ ಒಂಬತ್ತರ ಮೇಲೆ ಹೊರಗೆ ತಿರುಗಿ ಬಿಸಿಲು ತಾಗಿಸಿಕೊಳ್ಳುವುದಷ್ಟೇ ಲಾಭ. ಡಿಸೆಂಬರ್ ಕೊನೆಗೆ ಮಧ್ಯಾಹ್ನವೂ ಸೂರ್ಯ 50 ಡಿಗ್ರಿಗಿಂತ ಮೇಲೆ ಏರುವುದಿಲ್ಲ, ಆಳಿನಷ್ಟೇ ಉದ್ದಕ್ಕೆ ಹತ್ತಿರದ ನೆರಳು ಬೀಳುತ್ತದೆ. ಹೊಲದ ಫೋಟೊಕ್ಕೆ ನಮ್ಮ ಕಡೆ ಚಳಿಗಾಲದ ಎಳ್ಳಮಾಸಿ, ಅಂದರೆ ಎಳ್ಳ ಅಮಾವಾಸ್ಯೆಯಂಥ ದಿನ ಮತ್ತೊಂದಿಲ್ಲ ಅನ್ನುವುದಕ್ಕೆ ಇದೂ ಒಂದು ಕಾರಣ.

ಮಗಳ ಫೋಟೊಗಳು ಹೆಚ್ಚಿನವು ನಿನ್ನ ಎತ್ತರದಿಂದ ತೆಗೆದವು, ಎಲ್ಲದರಲ್ಲೂ ನೆತ್ತಿಯೇ ದೊಡ್ಡದು. ನೆಲಕ್ಕೆ ಕೂಡು. ಆ ಎರಡು ಚಲೋ ಫೋಟೊಗಳಲ್ಲಿ ಒಂದು, ಆಕೆ ಪಲ್ಲಂಗದ ಕೆಳಗೆ ಬೆಕ್ಕಿನ ಜೊತೆ ಇರುವುದು, ನೀನು ಹೊಟ್ಟೆ ಮೇಲೆ ಮಲಗಿದ್ದಕ್ಕೇ ಬಂದಿದೆ. ಆಕೆಯ ಫೋಟೊ ಯಾವುದನ್ನು ಹೊರಗೆ ಹಾಕಬೇಕು ಅನ್ನುವುದನ್ನು ವೈನಿ ಹೇಳಲಿ.

ಧೂಳಿನ ಬಗ್ಗೆ ಎರಡು ಮಾತು. ಎಲ್ಲರೂ ಲೆನ್ಸಿಗೆ ಫಂಗಸ್ ಫಂಗಸ್ ಅನ್ನುತ್ತಾರೆ. ನಮ್ಮ ಸೀಮೆಯಲ್ಲಿ ವರ್ಷದ ಬಹಳಷ್ಟು ದಿನ ಶತ್ರು ಧೂಳು. ಗಾಳಿಯಲ್ಲಿ ನಿಂತು ಲೆನ್ಸ್ ಬದಲಿಸಬೇಡ. ನಿನ್ನ ಆಕಾಶದ ಫೋಟೊಗಳಲ್ಲಿ ಬಲಮೇಲೆ ಒಂದೇ ಜಾಗದಲ್ಲಿ ಕಪ್ಪು ಚುಕ್ಕೆ ಇದೆ. ಎಫ್/16 ಇಟ್ಟು ಫೋಕಸ್ ತಪ್ಪಿಸಿ ಬಿಳಿ ಗೋಡೆ ತೆಗೆದು ನೋಡು, ಅಲ್ಲೇ ಕಂಡರೆ ಅದು ಸೆನ್ಸರ್ ಮೇಲಿನ ಧೂಳು. ಕ್ಯಾಮೆರಾದ ಬಾಯಿ ಕೆಳಗೆ ಮಾಡಿ ರಬ್ಬರ್ ಬ್ಲೋವರಿನಿಂದ ಊದು, ಬಾಯಿಂದ ಊದಬೇಡ, ಉಗುಳು ಹತ್ತಿದರೆ ಧೂಳಿಗಿಂತ ಕಷ್ಟ. ಮಳೆಗಾಲಕ್ಕೆ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಸಾಕು. ಬೇಸಿಗೆಯಲ್ಲಿ ಕಾರಿನೊಳಗೆ ಬಿಟ್ಟು ಹೋಗಬೇಡ.

ಇನ್ನು ಪ್ರಿಂಟ್. ನಿನ್ನ 24 ಮೆಗಾಪಿಕ್ಸೆಲ್ ಫೈಲಿನಲ್ಲಿ 6000×4000 ಚುಕ್ಕೆ ಇವೆ. ಇಂಚಿಗೆ 300ರಂತೆ 20 ಇಂಚು ಅಗಲದವರೆಗೆ ಆರಾಮ ಬರುತ್ತದೆ. 4×6, 8×12, 12×18 ನಿನ್ನ ಫ್ರೇಮಿಗೆ ಸರಿಹೊಂದುತ್ತವೆ, 8×10 ಕೇಳಿದರೆ ಯಾರದಾದರೂ ಕಾಲೋ ತಲೆಯೋ ಕತ್ತರಿಸುತ್ತಾರೆ. ಲ್ಯಾಬಿನವನಿಗೆ ‘ಕರೆಕ್ಷನ್ ಮಾಡಬೇಡ್ರಿ’ ಅಂತ ಹೇಳು. ಪ್ರಿಂಟ್ ಕಪ್ಪಾಗಿ ಬಂದರೆ ಅವನನ್ನು ಬೈಯುವ ಮೊದಲು ನಿನ್ನ ಲ್ಯಾಪ್‌ಟಾಪ್ ಪರದೆಯ ಬೆಳಕು ನೋಡು. ಪೂರ್ತಿ ಬೆಳಕಿಟ್ಟು ಎಡಿಟ್ ಮಾಡಿದವರ ಪ್ರಿಂಟೆಲ್ಲ ಕಪ್ಪೇ ಬರುತ್ತದೆ. ಅರ್ಧಕ್ಕೆ ಇಳಿಸಿ, ಪಕ್ಕದಲ್ಲಿ ಬಿಳಿ ಕಾಗದ ಹಿಡಿದು ಹೋಲಿಸಿ ಮಾಡು. ಮೊದಲು ಇಪ್ಪತ್ತು ಫೋಟೊ 4×6ರಲ್ಲಿ ತೆಗೆಸಿ ಪಡಸಾಲೆಯಲ್ಲಿ ಹರವು. ಅವ್ವ, ವೈನಿ, ಮಗಳು ಒಬ್ಬೊಬ್ಬರು ಮೂರು ಮೂರು ಆರಿಸಲಿ. ನೀನು ವಿವರಿಸಲು ಹೋಗಬೇಡ, ಯಾವುದರ ಮುಂದೆ ಅವರ ಕೈ ನಿಲ್ಲುತ್ತದೆ ಅಷ್ಟು ನೋಡು.

ಸಲೋನಿಗೆ, ಅಂದರೆ ಫೋಟೊ ಸ್ಪರ್ಧೆಗೆ, ಕಳಿಸುವುದು ಒಂದು ವರ್ಷ ಬಿಟ್ಟು ನೋಡೋಣ. ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿ 1971ರಿಂದ ಇದೆ, ಅಂಥವರು ನಡೆಸುವ ಸ್ಪರ್ಧೆಗಳಲ್ಲಿ ಕಲಿಯುವುದು ಬೇಕಾದಷ್ಟಿದೆ. ಆದರೆ ನಿಯಮ ಓದಿಕೋ: ನೇಚರ್ ವಿಭಾಗಕ್ಕೆ ಕಳಿಸುವ ಚಿತ್ರದಲ್ಲಿ ಅಡ್ಡ ಬಂದ ಕಡ್ಡಿಯೊಂದನ್ನು ಅಳಿಸಿದರೂ ತಿರಸ್ಕಾರ. ನಿನ್ನ ಆ ಕೃಷ್ಣಮೃಗದ ಹಿಂದಿನ ಕರೆಂಟ್ ಕಂಬ ಮಾಯವಾದದ್ದು ನನಗೂ ಕಂಡಿತು.

ಎಳ್ಳಮಾಸಿಗೆ ಎಲ್ಲರನ್ನೂ ಕರೆದುಕೊಂಡು ಬೀದರಕ್ಕೆ ಬಾ. ಹೊಲದಲ್ಲಿ ಭೂಮಿತಾಯಿಗೆ ನೈವೇದ್ಯದ ಚರಗ ಚೆಲ್ಲುವಾಗ ಸೂರ್ಯನಿಗೆ ಎದುರಾಗಿ ನಿಲ್ಲು, 1/1000 ಇಡು, ಬಜ್ಜಿ ಕಡುಬು ಬಡಿಸುವ ಹೊತ್ತಿಗೆ ಕ್ಯಾಮೆರಾ ಒಳಗಿಡು. ಆ ಇಪ್ಪತ್ತರಲ್ಲಿ ಮನೆಯವರು ಆರಿಸಿದ್ದನ್ನೇ ತಾ, ನಿನಗೆ ಮೆಚ್ಚಿದ್ದನ್ನು ಬೇರೆ ಲಕೋಟೆಯಲ್ಲಿ ಇಡು. ವೈನಿ ಒಪ್ಪಿದರೆ ಹೂದಾನಿಯನ್ನೂ ಹಳೇ ಪಂಚೆಯಲ್ಲಿ ಸುತ್ತಿ ತಾ. ನಮ್ಮ ಪಡಸಾಲೆಯ ಕಿಟಕಿ ಉತ್ತರಕ್ಕಿದೆ, ಥರ್ಮೋಕೋಲ್ ನಾನು ತಂದಿಟ್ಟಿರುತ್ತೇನೆ.

ಇಂತಿ ನಿನ್ನ ಗೆಳೆಯ